ಕತ್ತೆಗೆ ಕೆಂಪು ಚುಕ್ಕೆ

ಡಿಸೆಂಬರ್ 9, ಮಂಗಳವಾರ. ಬೆಳಿಗ್ಗೆ

ಬಕೆಟ್ ಮತ್ತೆ ಬಚ್ಚಲಲ್ಲೇ ಮರೆತಿದ್ದೆ. ನೆನೆಹಾಕಿದ ಹಳೇ ಪೇಪರು, ಹುಳಿ ವಾಸನೆ ಬೇರೆ. ಸ್ನಾನಕ್ಕೆ ಹೋದ ಅತ್ತೆ ಟವೆಲ್ ಹಿಡಿದುಕೊಂಡು ಹಾಗೇ ವಾಪಸ್ ಬಂದರು. "ನಿನ್ನ ಗಂಜಿ ಸ್ವಲ್ಪ ಪಕ್ಕಕ್ಕಿಟ್ರೆ ನಾನು ಸ್ನಾನ ಮಾಡ್ಬೋದು" ಅಂದರು. ಕೋಪವಿಲ್ಲ. ಅದೇ ಕಷ್ಟ. ಕೋಪ ಮಾಡಿಕೊಂಡಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು.

ಪೇಪರಿನ ಕತ್ತೆಯ ಬಲಗಿವಿ ಒಣಗಿದೆ. ಎಡಗಿವಿ ಜೋತುಬಿದ್ದಿದೆ. ಒಳಗಿನ ತಂತಿ ಸಾಲದಾಯಿತು... ಇರಲಿ, ಹಾಗೇ ಬಿಡುತ್ತೇನೆ. ಕಿವಿ ಬಿದ್ದ ಮೇಲೇ ಅದಕ್ಕೊಂದು ಮುಖ ಬಂದದ್ದು. ನನ್ನ ಮಂಡಿಗಿಂತ ಎತ್ತರ. ಇಷ್ಟು ದೊಡ್ಡದನ್ನು ಇದುವರೆಗೆ ಮಾಡಿರಲಿಲ್ಲ. ಉಳಿದವೆಲ್ಲ ಅಂಗೈಯಲ್ಲಿ ಕೂರುವಂಥವು — ಆಮೆ, ಬಾತುಕೋಳಿ, ಮುಳ್ಳುಹಂದಿ. ಎಲ್ಲ ಪೇಪರು, ಗೋಂದು, ಬಣ್ಣ, ಅಷ್ಟೇ.

ವರ್ಷಾಂತ್ಯದ ರಜೆ ಮೇಳಕ್ಕೆ ನನ್ನನ್ನು ಆರಿಸಿದ್ದಾರೆ ಎಂದು ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಜನ ದುಡ್ಡು ಕೊಟ್ಟು ತಗೋತಾರಾ, ಸುಮ್ನೆ ನೋಡ್ಕೊಂಡು ಹೋಗ್ತಾರಾ?" ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಅರ್ಧ ಆಯುಷ್ಯ ಕಳೆದವರು. ಕೊಂಡವರದ್ದು ಮಾತ್ರ ಅಭಿಪ್ರಾಯ, ನೋಡಿದವರದ್ದು ಬರೀ ಗಾಳಿ. ನಾನೂ ಬಾಯಿ ಜೋರು ಮಾಡಿದೆ. ಈ ಸಲ ಏನೂ ಹೋಗದಿದ್ದರೆ ಬಕೆಟ್ಟು ಗೋಂದು ಎಲ್ಲ ಎತ್ತಿ ಹೊರಗೆಸೆಯುತ್ತೇನೆ ಅಂದುಬಿಟ್ಟೆ. ಯಾರೂ ಕೇಳಿರಲಿಲ್ಲ. ನನ್ನ ಬಾಯೇ ನನಗೆ ಶತ್ರು.

ಡಿಸೆಂಬರ್ 17, ಬುಧವಾರ

ಸ್ಟಾಲ್ ಜೋಡಿಸಿ ಬಂದೆ. ಹಳೇ ಪ್ರೆಸ್ಸಿನ ಕಟ್ಟಡ. ಎತ್ತರದ ಕಿಟಕಿಗಳು, ನೆಲದಲ್ಲಿ ಇನ್ನೂ ಮಸಿಯ ಕಲೆ. ಪಕ್ಕದ ಟೇಬಲ್ಲಿನಾಕೆ ಸೋಪು ಮಾಡುವವರು. ಎಲ್ಲರೂ ಸೋಪಿನಕ್ಕ ಅನ್ನುತ್ತಾರೆ. ಬಂದ ಕೂಡಲೇ ನನ್ನ ಆಮೆಗೆ ಮೂಗು ತಾಗಿಸಿ "ಇದಕ್ಕೂ ಒಂದು ಸೋಪು ಬೇಕು ಕಣ್ರೀ" ಅಂದರು. ಅತ್ತೆ ಕೇಳಬೇಕಿತ್ತು.

ಮೇಳ ನಡೆಸುವ ಮೇಡಂ ಎಲ್ಲರಿಗೂ ಕೆಂಪು ಚುಕ್ಕೆಗಳ ಒಂದೊಂದು ಹಾಳೆ ಕೊಟ್ಟರು. ಸ್ಟಿಕ್ಕರು. ಮಾರಿದ್ದಕ್ಕೆ ಚುಕ್ಕೆ ಅಂಟಿಸಬೇಕು. ಚಿಕ್ಕವು ಆಗಲೇ ಹೋಗಬಹುದು. ದೊಡ್ಡವು ಭಾನುವಾರ ಸಂಜೆವರೆಗೆ ಅಲ್ಲೇ ಇರಬೇಕು, ಕೊಂಡವರು ಆಗ ಬಂದು ಒಯ್ಯಬೇಕು. "ಖಾಲಿ ಹಾಲ್ ನೋಡಿ ಯಾರೂ ಒಳಗೆ ಬರಲ್ಲ. ಮಾರಿದ್ದೂ ನಿಂತಿರ್ಬೇಕು, ನಗ್ತಾ ನಿಂತಿರ್ಬೇಕು" ಅಂದರು ಮೇಡಂ. ದುಡ್ಡಿನ ವ್ಯವಹಾರ ನಮ್ಮ ನಮ್ಮಲ್ಲೇ. ಅವರು ಕೇಳುವುದಿಲ್ಲ.

ಡಿಸೆಂಬರ್ 18, ಗುರುವಾರ

ಏನೂ ಇಲ್ಲ.

ಸೋಪಿನಕ್ಕನಿಗೆ ಬಿಡುವಿಲ್ಲ. ಎದುರಿನ ಚರ್ಮದ ಚೀಲದವನ ಎರಡು ದೊಡ್ಡ ಚೀಲಗಳಿಗೆ ಚುಕ್ಕೆ ಬಿತ್ತು. ನನ್ನ ಟೇಬಲ್ ಮುಂದೆ ಜನ ನಿಲ್ಲುತ್ತಾರೆ, "ಅಯ್ಯೋ, ಎಷ್ಟು ಕ್ಯೂಟ್!" ಅನ್ನುತ್ತಾರೆ, ಬಾತುಕೋಳಿಯ ತಲೆ ಸವರುತ್ತಾರೆ, ಸೋಪು ಕೊಳ್ಳುತ್ತಾರೆ. ನಗುತ್ತಾ ನಗುತ್ತಾ ದವಡೆ ನೋವು ಬಂತು.

ಮನೆಯಲ್ಲಿ ಅತ್ತೆ, "ಬೋಣಿ ಆಯ್ತಾ?"

"ಇವತ್ತು ಮೊದಲ ದಿನ ಅಲ್ವಾ ಅತ್ತೆ."

"ಹೂಂ" ಅಂದರು. ನನ್ನ ಗಂಡ ತಟ್ಟೆ ನೋಡಿಕೊಂಡು ಊಟ ಮಾಡಿದ. ಅವನಿಗೆ ಈ ಮನೆಯಲ್ಲಿ ಬದುಕುವ ಕಲೆ ಗೊತ್ತು.

ಡಿಸೆಂಬರ್ 19, ಶುಕ್ರವಾರ. ಮಧ್ಯಾಹ್ನ, ಸ್ಟಾಲಿನಲ್ಲಿ

ಟೇಬಲ್ ಕೆಳಗೆ ಈ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಕತ್ತೆಯ ಕುತ್ತಿಗೆಯ ಚೀಟಿಗೆ ಚುಕ್ಕೆ ಅಂಟಿಸಿದೆ. ನಾನೇ. ಹೇಗೆ ಕಾಣುತ್ತದೆ ನೋಡೋಣ ಅಂತ, ಒಂದೇ ಒಂದು ನಿಮಿಷಕ್ಕೆ. ಕೀಳಬೇಕು ಅನ್ನುವಷ್ಟರಲ್ಲಿ ಗಂಡ ಹೆಂಡತಿ ಬಂದರು. "ನೋಡು, ಇದು ಆಗ್ಲೇ ಹೋಗ್ಬಿಟ್ಟಿದೆ" ಅಂದರು ಆಕೆ. ತಕ್ಷಣ ಎರಡು ಆಮೆ ಕೊಂಡರು! ನಿನ್ನೆ ಯಾರೂ ಕೊಳ್ಳದ ಅದೇ ಆಮೆಗಳು.

ಸೋಪಿನಕ್ಕ ನೋಡಿದರು. ಚಪ್ಪಾಳೆ ತಟ್ಟಿದರು. ಓಡಿ ಹೋಗಿ ನನಗೊಂದು ಟೀ ತಂದರು. "ಯಾರ್ರೀ ತಗೊಂಡಿದ್ದು? ನಾನು ಅತ್ಲಾಗೆ ತಿರುಗೋದ್ರೊಳಗೆ?"

"ಒಬ್ರು... ವಯಸ್ಸಾದ ಹೆಂಗಸು. ಬೂದು ಕೋಟು ಹಾಕಿದ್ರು."

ಎಲ್ಲಿಂದ ಬಂತು ಆ ಕೋಟು? ಸುಳ್ಳು ಬಟ್ಟೆ ಹಾಕಿಕೊಂಡೇ ಹೊರಗೆ ಬಂತು. ಟೀ ಕುಡಿದೆ.

ಅದೇ ದಿನ, ಸಂಜೆ

ಮುಳ್ಳುಹಂದಿಗಳು ಎಲ್ಲ ಹೋದವು. ಸಂತೋಷಪಡಬೇಕು. ಆಗುತ್ತಿಲ್ಲ.

ಬಾಗಿಲಲ್ಲೇ ಅತ್ತೆಗೆ ಹೇಳಿದೆ. ಕತ್ತೆ ಹೋಯಿತು, ಬೂದು ಕೋಟಿನ ವಯಸ್ಸಾದ ಹೆಂಗಸೊಬ್ಬರು ಕೊಂಡರು ಎಂದು. ಯಾಕೆ ಹೇಳಿದೆ? ಮುಳ್ಳುಹಂದಿ ಅಂದಿದ್ದರೆ ಸಾಕಾಗುತ್ತಿತ್ತು, ಅದು ನಿಜವೂ ಆಗಿತ್ತು. ಆದರೆ ನಿನ್ನೆಯ ಆ "ಹೂಂ" ಇನ್ನೂ ಚುಚ್ಚುತ್ತಿತ್ತು.

ತರಕಾರಿ ಹೆಚ್ಚುತ್ತಿದ್ದ ಅತ್ತೆ ಚಾಕು ಕೆಳಗಿಟ್ಟರು. ಕೈ ಒರೆಸಿಕೊಂಡರು. "ಕತ್ತೆನಾ? ಅಷ್ಟು ದೊಡ್ಡದನ್ನಾ? ಚೌಕಾಸಿ ಮಾಡಿದ್ರಾ?"

"ಇಲ್ಲ ಅತ್ತೆ."

"ಮುಂಗಡ?"

"ಕೊಟ್ಟಿದ್ದಾರೆ."

ಒಳಗೆ ಹೋಗಿ ಒಂದು ಕವರು ತಂದರು. "ಆ ದುಡ್ಡು ಇದರಲ್ಲಿ ಬೇರೆ ಹಾಕಿಡು. ಮುಂಗಡ ಇಸ್ಕೊಂಡ ಮೇಲೆ ಮಾಲು ನಮ್ದಲ್ಲ. ಬಾಕಿ ಬರೋವರೆಗೂ ದುಡ್ಡೂ ನಮ್ದಲ್ಲ." ಮುಳ್ಳುಹಂದಿಯ ದುಡ್ಡನ್ನು ಎತ್ತಿ ಕವರಿಗೆ ಹಾಕಿದೆ. ಅವರು ಅಂಟು ಹಚ್ಚಿ ಮುಚ್ಚಿದರು.

ಆಮೇಲೆ ತಂಗಿಗೆ ಫೋನು. ಗೋಡೆಯಾಚೆಯಿಂದ ಕೇಳಿಸಿತು. "ನಮ್ಮ ಸೊಸೆ ಮಾಡಿದ್ದು ಕಣೇ... ಹೂಂ, ಕತ್ತೆನೇ... ನೀನು ನಗಬೇಡ, ನೋಡಿದ್ರೆ ಗೊತ್ತಾಗತ್ತೆ." ನಮ್ಮ ಸೊಸೆ! ಇಷ್ಟು ವರ್ಷ ನಾನು "ಇವನ ಹೆಂಡತಿ" ಆಗಿದ್ದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಬೇರೆಯವರ ಮನೆಯ ಮರ್ಯಾದೆ ಕದ್ದುತಂದ ಹಾಗಿತ್ತು.

ಡಿಸೆಂಬರ್ 20, ಶನಿವಾರ

ಬೆಳಿಗ್ಗೆ ನೋಡಿದರೆ ಬಕೆಟ್ ಬಚ್ಚಲಲ್ಲಿಲ್ಲ. ಅತ್ತೆಯೇ ಬಾಲ್ಕನಿಗೆ ಎತ್ತಿಟ್ಟಿದ್ದರು. ಮೇಲೆ ಒಂದು ತಟ್ಟೆ ಮುಚ್ಚಿ, ಧೂಳು ಬೀಳಬಾರದೆಂದು.

ಮಧ್ಯಾಹ್ನ ಒಬ್ಬರು ಬಂದರು. ಮಕ್ಕಳ ಹಲ್ಲಿನ ಡಾಕ್ಟರು, ನನ್ನ ವಯಸ್ಸಿನ ಹೆಂಗಸು. ಕತ್ತೆಯ ಮುಂದೆ ನೆಲದ ಮೇಲೇ ಕೂತರು. ತುಂಬ ಹೊತ್ತು ಅದರ ಮುಖ ನೋಡಿದರು. ಯಾರೂ ಇಷ್ಟು ಹೊತ್ತು ನೋಡಿರಲಿಲ್ಲ, ನಾನೂ ಸೇರಿ.

"ನನ್ನ ವೇಟಿಂಗ್ ರೂಮಿಗೆ ಬೇಕಿತ್ತು. ಮಕ್ಕಳು ಅಳ್ತಾನೇ ಬರ್ತಾರೆ. ಇದಕ್ಕೂ ಹಲ್ಲುನೋವು ಇರೋ ಹಾಗಿದೆ ನೋಡಿ. ಹೋಗ್ಬಿಟ್ಟಿದೆಯಾ?"

ಚುಕ್ಕೆ ಕೀಳಲು ಒಂದು ಉಗುರು ಸಾಕಿತ್ತು. ಪಕ್ಕದಲ್ಲಿ ಸೋಪಿನಕ್ಕ ಕಿವಿ ಇಲ್ಲೇ ಇಟ್ಟಿದ್ದರು. "ಹೂಂ, ಹೋಗಿದೆ" ಅಂದೆ. "ಇನ್ನೊಂದು ಮಾಡ್ಕೊಡ್ಲಾ?"

"ಇದೇ ಮುಖ ಬರತ್ತಾ?"

ಅಲ್ಲಿ ಮಾತ್ರ ನಿಜ ಹೇಳಿದೆ. "ಬರಲ್ಲ. ಕಿವಿ ತಾನಾಗೇ ಬಿದ್ದಿದ್ದು."

ಎದ್ದು ಮಂಡಿ ಕೊಡವಿಕೊಂಡರು. ನಾಳೆ ಸಂಜೆ ಬಂದು ನೋಡುತ್ತೇನೆ, ಕೊಂಡವರು ಬಾರದಿದ್ದರೆ ನನಗೇ ಕೊಡಿ ಅಂದರು. ಬಸ್ ಸ್ಟ್ಯಾಂಡ್ ಪಕ್ಕ ಬೇಕರಿಯ ಮೇಲೆ ಅವರ ಕ್ಲಿನಿಕ್ಕಂತೆ.

ನಿರ್ಧಾರ ಮಾಡಿದ್ದೇನೆ. ನಾಳೆ ಅವರು ಬಂದರೆ, ಕೋಟಿನವರು ಫೋನ್ ಮಾಡಿ ಬೇಡ ಅಂದರು ಎನ್ನುತ್ತೇನೆ. ಸುಳ್ಳಿಗೆ ಸುಳ್ಳಿನ ತೇಪೆ. ಆದರೂ ಕತ್ತೆ ಅವರಿಗೆ ಸೇರುತ್ತದೆ. ಮುಗಿಯುತ್ತದೆ.

ಡಿಸೆಂಬರ್ 23, ಮಂಗಳವಾರ

ಭಾನುವಾರದ್ದು ಬರೆಯಲಾಗಿರಲಿಲ್ಲ. ಬರೆದು ಬಿಡುತ್ತೇನೆ.

ಅತ್ತೆಯೂ ಬಂದರು. ಇಸ್ತ್ರಿ ಮಾಡಿದ ಒಳ್ಳೆಯ ಬಟ್ಟೆ, ಮದುವೆಗೆ ಹೊರಟವರ ಹಾಗೆ. "ಆ ಕೋಟಿನಾಕೆನ ನೋಡ್ಬೇಕು ನಾನು. ಒಂದು ಮಾತು ಹೇಳ್ಬೇಕು." ಬೇಡವೆನ್ನಲು ನೆವ ಸಿಗಲಿಲ್ಲ. ಕತ್ತೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಆಮೆ ಮುಟ್ಟಿದವರಿಗೆಲ್ಲ ಹೇಳಿದರು, "ಧೈರ್ಯವಾಗಿ ತಗೊಳ್ಳಿ, ಗಟ್ಟಿ ಮಾಲು." ಕೊನೆಯ ಆಮೆ ಮಾರಿದ್ದೂ ಅವರೇ. ಬೇರೆ ದಿನವಾಗಿದ್ದರೆ ಎಷ್ಟು ನಗುತ್ತಿದ್ದೆ.

ಡಾಕ್ಟರ್ ಬಂದರು. "ಅವರು ಬಂದ್ರಾ?"

ನಾನು ಬಾಯಿ ತೆರೆದೆ. ತೇಪೆ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅತ್ತೆ —

"ಬರ್ತಾರಮ್ಮ. ಮುಂಗಡ ಕೊಟ್ಟಿದ್ದಾರೆ."

"ನಾನು ಸ್ವಲ್ಪ ಜಾಸ್ತಿನೇ ಕೊಡ್ತೀನಿ..."

"ಜಾಸ್ತಿ ಕೊಡ್ತೀನಿ ಅಂದ್ರೆ ಮಾತು ಬದಲಾಯ್ಸೋಳಲ್ಲ ನಮ್ಮ ಸೊಸೆ. ಬೇರೆ ಯಾರಾದ್ರೂ ಆಗಿದ್ರೆ ಆ ಚುಕ್ಕೆ ಕಿತ್ತು ಕೊಟ್ಬಿಡೋರು. ಇವಳು ಅಂಥೋಳಲ್ಲ."

ನೆಲದ ಮಸಿ ಕಲೆ ನೋಡುತ್ತಾ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಅದು ಉತ್ಪ್ರೇಕ್ಷೆಯಲ್ಲ. ಡಾಕ್ಟರ್ ನನ್ನ ಕಡೆ ನೋಡಿ, "ಒಳ್ಳೇದಾಗ್ಲಿ. ಇಂಥ ಮಾತು ಕೇಳಿ ಎಷ್ಟು ದಿನ ಆಗಿತ್ತು" ಅಂದರು. ಹೋದರು. ಕರೆಯಬಹುದಿತ್ತು. ಬಾಗಿಲು ದೂರವಿರಲಿಲ್ಲ.

ಆಮೇಲಿನದು ಇನ್ನೂ ಕೆಟ್ಟದ್ದು. ಬೂದು ಬಣ್ಣದ ಕೋಟು ಯಾರ ಮೈಮೇಲೆ ಕಂಡರೂ ಅತ್ತೆ ಎದ್ದು ನಿಲ್ಲುತ್ತಿದ್ದರು. ಬಟ್ಟೆ ಸರಿಮಾಡಿಕೊಂಡು, ನಗುಮುಖ ಮಾಡಿಕೊಂಡು. ಅವರು ದಾಟಿ ಹೋದರೆ ಮಂಡಿ ಹಿಡಿದು ಮತ್ತೆ ಕೂರುತ್ತಿದ್ದರು. ದೀಪ ಆರಿಸುವವರೆಗೂ. ಸೋಪಿನಕ್ಕ ತಮ್ಮ ಪೆಟ್ಟಿಗೆ ಕಟ್ಟಿ, ನನ್ನ ಬೆನ್ನು ತಟ್ಟಿ, "ಮೇಡಂ ಹತ್ರ ವಿಳಾಸ ಕೇಳ್ಕೊಂಡು ನಾಳೆ ಮನೆಗೇ ಬರ್ತಾರೆ ಬಿಡಿ" ಎಂದು ಹೊರಟರು.

ಬಸ್ಸಿನಲ್ಲಿ ಕತ್ತೆಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡವರೂ ಅತ್ತೆಯೇ. ನನಗೆ ಕೊಡಲಿಲ್ಲ. "ನೀನು ಸುಸ್ತಾಗಿದ್ದೀಯ."

ಡಿಸೆಂಬರ್ 27, ಶನಿವಾರ

ಕತ್ತೆ ಅತ್ತೆಯ ರೂಮಿನಲ್ಲಿದೆ. ಬಿಸಿಲು ಬೀಳದ ಮೂಲೆಯಲ್ಲಿ, ಅವರದೇ ದುಪ್ಪಟಿ ಹೊದ್ದು. ಬೆಲ್ ಆದರೆ ಮೊದಲು ಅವರೇ ಹೋಗುತ್ತಾರೆ.

ಇವತ್ತು ಊಟದ ಹೊತ್ತಿಗೆ, "ವಯಸ್ಸಾದವರು ಅಂದೆ. ಮೈ ಹುಷಾರಿದೆಯೋ ಇಲ್ವೋ. ಆಸ್ಪತ್ರೆ ಗೀಸ್ಪತ್ರೆ ಸೇರಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?" ಮೇಡಂಗೆ ಫೋನ್ ಮಾಡಿ ವಿಚಾರಿಸಿದರಂತೆ. ಅಲ್ಲಿ ಯಾರಿಗೂ ಗೊತ್ತಿಲ್ಲ.

ಇಲ್ಲದ ಹೆಂಗಸಿನ ಆರೋಗ್ಯಕ್ಕೆ ಈ ಮನೆಯಲ್ಲಿ ಚಿಂತೆ. "ಹೆಸ್ರಾದ್ರೂ ಕೇಳ್ಬೇಡ್ವಾ ನೀನು?" ಎಂದ ನನ್ನ ಗಂಡ. ಈ ಮನುಷ್ಯ ಬಾಯಿ ಬಿಡುವುದೇ ವರ್ಷಕ್ಕೊಮ್ಮೆ, ಅದೂ ಇಂಥ ಹೊತ್ತಿಗೆ.

ಹೊಸದೇನೂ ಮಾಡಿಲ್ಲ. ಬಕೆಟ್ಟಿನಲ್ಲಿ ಪೇಪರು ಕೊಳೆಯುತ್ತಿದೆ. ಅತ್ತೆ ನೀರು ಬದಲಾಯಿಸುತ್ತಿದ್ದಾರೆ.

ಜನವರಿ 3, ಶನಿವಾರ. ಬೆಳಿಗ್ಗೆ

ಅತ್ತೆ ನಾನು ಕೆಲಸ ಮಾಡುವ ಮೂಲೆಗೆ ಬಂದು ಕೂತರು. ಇದುವರೆಗೆ ಇಲ್ಲಿ ಕೂತವರಲ್ಲ.

"ಆಕೆ ಇನ್ನು ಬರಲ್ಲ ಕಣೆ. ನನಗೂ ಗೊತ್ತು." "ಆ ಡಾಕ್ಟರಮ್ಮನ್ನ ನಾನೇ ಓಡಿಸ್ಬಿಟ್ಟೆ. ನೀನು ಏನೋ ಹೇಳಕ್ಕೆ ಬಾಯಿ ತೆಗೆದಿದ್ದೆ, ನಾನು ನೋಡ್ದೆ. ಮಧ್ಯ ಬಾಯಿ ಹಾಕ್ದೆ. ನಿನ್ನ ಕೆಲಸ ಅದು, ನಿನ್ನ ವ್ಯಾಪಾರ. ತಪ್ಪು ನಂದು. ಮನಸ್ಸಿನಲ್ಲಿ ಇಟ್ಕೋಬೇಡ."

ಮದುವೆಯಾಗಿ ಬಂದ ದಿನದಿಂದ ಈ ಹೆಂಗಸು ಯಾರ ಮುಂದೆಯೂ ತಪ್ಪು ನನ್ನದು ಅಂದದ್ದು ಕೇಳಿಲ್ಲ. ಮೊದಲ ಸಲ ಅಂದರು, ನನಗೆ.

"ಬಿಡಿ ಅತ್ತೆ, ನಿಮ್ಮ ತಪ್ಪೇನಿಲ್ಲ" ಅಂದೆ.

"ಮತ್ತೆ ಯಾರ್ದು?"

ಗೋಂದಿನ ಡಬ್ಬಿಯ ಮುಚ್ಚಳ ತಿರುಗಿಸಿದೆ.

ನನ್ನಿಂದಲೇ ವಿಳಾಸ ಕೇಳಿಕೊಂಡು ಈಗ ಕ್ಲಿನಿಕ್ಕಿಗೆ ಹೊರಟಿದ್ದಾರೆ. ಬೇಕರಿಯ ಮೇಲೆ, ಮೆಟ್ಟಿಲು ಹತ್ತಬೇಕು, ಆ ಮಂಡಿ ಇಟ್ಟುಕೊಂಡು. "ಅವರು ಎರಡು ಮಾತು ಅಂದ್ರೂ ಅನ್ನಿಸ್ಕೋತೀನಿ. ಸೊಸೆದೇನಿಲ್ಲ, ನಾನೇ ಅಡ್ಡ ಬಂದೆ ಅಂತೀನಿ. ಇನ್ನೂ ಬೇಕು ಅಂದ್ರೆ ಕತ್ತೆ ಕೊಡೋಣ."

ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತದೆ. ಡಾಕ್ಟರಿಗೆ ಕತ್ತೆ ಸಿಗುತ್ತದೆ. ನಾನು ಮಾತಿಗೆ ತಪ್ಪದವಳಾಗಿ, ನಮ್ಮ ಸೊಸೆಯಾಗಿ ಉಳಿಯುತ್ತೇನೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮುದುಕಿಯೊಬ್ಬರು ಮೆಟ್ಟಿಲು ಹತ್ತಿ ಹೋಗಿ ನನ್ನ ಪಾಲಿನ ಕ್ಷಮೆ ಕೇಳಿ ಬರುತ್ತಾರೆ, ಅಷ್ಟೇ. ಒಂದು ಗಳಿಗೆ ಇದೇ ಒಳ್ಳೆಯದು ಅನಿಸಿತು. ನಿಜವಾಗಿ ಅನಿಸಿತು. ಅದನ್ನೂ ಬರೆದಿಡುತ್ತಿದ್ದೇನೆ.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾರೆ. ಒಂದು ಸಿಕ್ಕಿದೆ, ಇನ್ನೊಂದು ಸಿಕ್ಕಿಲ್ಲ, ಗೊಣಗುತ್ತಿದ್ದಾರೆ. ಹೇಗೆ ಶುರು ಮಾಡುವುದು? ಇಲ್ಲಿ ಬರೆದು ನೋಡುತ್ತೇನೆ. ಬರೆದರೆ ಬಾಯಿಗೂ ಬರಬಹುದು.

ಅತ್ತೆ, ಕೂತ್ಕೊಳ್ಳಿ, ಒಂದು ವಿಷಯ ಇದೆ. ಅಲ್ಲ, ಇದು ತುಂಬ ನಿಧಾನ. ಅತ್ತೆ, ಮುಂಗಡ ಯಾರೂ ಕೊಟ್ಟಿರಲಿಲ್ಲ. ಅಲ್ಲ...

ಬಾಗಿಲ ಚಿಲಕ ತೆಗೆದರು.

ಅತ್ತೆ, ನಿಲ್ಲಿ, ಹೋಗ್ಬೇಡಿ, ಆ ಕೋಟಿನ ಹೆಂಗಸು ಅನ್ನೋರೇ ಇಲ್ಲ, ನಾನೇ