ನಿಮ್ಮ ಹಗೇವು ದಾಸೋಹಕ್ಕೆ ಬಂತು

ಯಡ್ರಾಮಿ, ಶ್ರಾವಣ ಸೋಮವಾರ, 1999

ರೀ,

ಇಂದು ಒಪ್ಪೊತ್ತು. ಅಂಗಳ ಸಾರಿಸಿ, ಲಿಂಗಪೂಜೆ ಮುಗಿಸಿ, ನೀವು ಓದುವುದಿಲ್ಲವೆಂದು ತಿಳಿದೂ ಬರೆಯುತ್ತಿದ್ದೇನೆ.

ನೆಲದೊಳಗೆ ಜೋಳ ತುಂಬಿಡುವ ನಮ್ಮ ಹಗೇವಿನ ಮೇಲೆ ನೀವು ಬರೆದ ಲೇಖನ ಯಾವುದೋ ದೊಡ್ಡ ಸಂಶೋಧನಾ ಪತ್ರಿಕೆಯಲ್ಲಿ ಬಂದಿತ್ತಲ್ಲ. ಅದರ ಚಂದಾ ನಿಮ್ಮ ಮಾಸ್ತರಿಕೆಯ ಪಗಾರಕ್ಕಿಂತ ಹೆಚ್ಚು. ಮಗಳ ಕಾಲೇಜಿನವರಿಗೂ ತರಿಸಲಾಗಲಿಲ್ಲ. ಅಚ್ಚಾದ ಹಾಳೆ ನೋಡದೆಯೇ ನೀವು ಹೋದಿರಿ.

ಮೊನ್ನೆ ಕಲಬುರಗಿಯ ಕಂಪ್ಯೂಟರ್ ಅಂಗಡಿಯಲ್ಲಿ ಮಗಳು ಸುಮಿತ್ರಾ, ನಿಮ್ಮ ಕೈಬರಹದ ಪ್ರತಿಯಿಂದ ತನ್ನ ಕಾಲೇಜಿನವರು ಅದನ್ನು ಇಂಟರ್ನೆಟ್ಟಿಗೆ ಹಾಕಿದ್ದನ್ನು ತೋರಿಸಿದಳು.

“ಓದೋರು ಎಷ್ಟ್ ರೊಕ್ಕ ಕೊಡಬೇಕು ಬೇ?” ಎಂದೆ.

“ಪುಕಟ್ ಅವ್ವಾ. ಯಾರ್ ಬೇಕಾದ್ರೂ ಓದಬಹುದು. ಖರ್ಚು ನಮ್ಮ ಕಾಲೇಜಿಂದು.”

“ಪುಕಟ್ ಅನಬ್ಯಾಡ, ದಾಸೋಹ ಅನ್ನು. ಕಟ್ಟಿಗಿ ಒಬ್ರು ತರ್ತಾರ, ಊರೆಲ್ಲ ಉಣ್ತದ.”

ಅಂಗಡಿಯ ಶರಫುದ್ದೀನ ನಕ್ಕ. “ಉಂಡೋರು ಒಬ್ರು ಪತ್ರಾನೂ ಹಾಕ್ಯಾರ ನೋಡ್ರಿ ಅಮ್ಮಾ.”

ದೂರದೇಶದ ಸಂಶೋಧಕರೊಬ್ಬರು ಹಗೇವಿನೊಳಗೆ ಹುಲ್ಲು ಹೊದಿಸುವ ರೀತಿಯನ್ನು ನಿಮ್ಮನ್ನು ಕೇಳಿದ್ದರು. ನೀವಿಲ್ಲವೆಂದು ಶರಫುದ್ದೀನನ ಕೈಲಿ ಬರೆಸಿದೆ. ಅಂದು ಮೇಲೆ ಹಗ್ಗ ಹಿಡಿದವರು ನೀವು, ಒಳಗೆ ಇಳಿದವಳು ನಾನು, ಇನ್ನು ನನ್ನನ್ನೇ ಕೇಳಲಿ ಎಂದೂ ಬರೆಸಿದೆ.

ನೆರೆಮನೆಯ ಗುಡುಸಾಬ ಗುರುವಾರ ಕಲಬುರಗಿಗೆ ಹೊರಟಿದ್ದಾನೆ. ಈಗಷ್ಟೇ ಗೋಡೆಯಾಚೆ ಕೂಗಿ ಹೇಳಿದೆ: “ಅಣ್ಣಾ, ಶರಫುದ್ದೀನನ ಅಂಗಡ್ಯಾಗ ನನ್ನ ಹೆಸರಿಗೆ ಉತ್ತರ ಬಂದಿದ್ರ ಹಾಳಿ ಮ್ಯಾಲ ಅಚ್ಚು ಹಾಕಿಸಿ ಮರೀದೆ ತಗೊಂಡು ಬಾ.”