ನಿಮ್ಮ ನಿದ್ದೆಗಾಗಿ ಕಟ್ಟಿದ ಗೋಡೆ

ಫೆಬ್ರವರಿ 30, 2231
ಲ್ಯಾನ್‌ಶಿ ವಿಶ್ವವಿದ್ಯಾಲಯ, ಚೀನಾ

ಚಂದ್ರಮತಿ ಅಜ್ಜಿಯವರಿಗೆ, ನಿಮ್ಮ ಮರಿಮಗಳ ಮರಿಮಗಳು ಸುಗುಣಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ಬೇಸಿಗೆಯಲ್ಲಿ ಯಾರೂ ಹೊರಗೆ ಕಾಲಿಡಲಾಗದಂತೆ ಆದಮೇಲೆ ಪಂಚಾಂಗವನ್ನೇ ತಿದ್ದಿ, ತಂಪಿನ ತಿಂಗಳುಗಳಿಗೆ ಹೆಚ್ಚು ದಿನ ಹಂಚಿದರು. ನನ್ನ ಕನ್ನಡ ಅಮ್ಮನ ಬಾಯಿಂದ ಕಲಿತದ್ದು. ಅದರಲ್ಲಿ ನೀವು ಕೇಳಿರದ ಮಾತುಗಳು ಸೇರಿಕೊಂಡಿವೆ, ಕ್ಷಮಿಸಬೇಕು. ಅಜ್ಜಿ ಎಂದು ಕರೆದದ್ದಕ್ಕೂ ಕ್ಷಮಿಸಿ. ಇದು ನಿಮ್ಮ ಕೈಸೇರುವಾಗ ನಿಮಗೆ ಮೂವತ್ತೂ ತುಂಬಿರುವುದಿಲ್ಲ, ಚಿತ್ರದುರ್ಗದಿಂದ ಇಲ್ಲಿಗೆ ಇಂಗ್ಲಿಷ್ ಪಾಠ ಹೇಳಲು ಬಂದು ಒಂದು ಚಳಿಗಾಲವೂ ಕಳೆದಿರುವುದಿಲ್ಲ. ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸುತ್ತೇನೆಂದು ಭೌತಶಾಸ್ತ್ರದ ಗೆಳೆಯನೊಬ್ಬ ಹೇಳಿದ್ದಾನೆ. ಅವನನ್ನು ನಂಬದೆ ನನಗೆ ಬೇರೆ ದಾರಿಯಿಲ್ಲ. ನಿಮ್ಮ ಮೇಲೆ ನನಗೆ ವಿಪರೀತ ಸಿಟ್ಟಿದೆ ಅಜ್ಜಿ. ಅದು ಯಾಕೆಂದು ತಿಳಿಯಬೇಕಾದರೆ ಮೊದಲು ಇಲ್ಲಿನ ದಿನಚರಿ ಕೇಳಬೇಕು.

ನಮ್ಮನ್ನು ಇಲ್ಲಿ ‘ಹೊರಗುರು’ ಎನ್ನುತ್ತಾರೆ, ಹೊರದೇಶದಿಂದ ಬಂದ ಗುರು ಎಂದು. ನಿಮ್ಮ ನಂತರ ತಲೆಮಾರಿಗೊಬ್ಬರಂತೆ ನಮ್ಮ ಮನೆಯವರು ಇದೇ ಕೆಲಸಕ್ಕೆ ಬಂದಿದ್ದಾರೆ. ಬಿಸಿಲೇರುವ ಮುಂಚೆ ಪಾಠ, ಹೊತ್ತು ಇಳಿದ ಮೇಲೆ ಮತ್ತೆ ಪಾಠ, ನಡುವೆ ಎಲ್ಲರೂ ನೆಲಮಾಳಿಗೆಯಲ್ಲಿ ಬಿದ್ದುಕೊಳ್ಳುವುದು. ನಾನು ತರಗತಿಗೆ ಬಂದ ಕೂಡಲೇ ಮಕ್ಕಳೆಲ್ಲ ಎದ್ದು ನಿಲ್ಲುತ್ತಾರೆ. ಕೆಲವರು ಟೋಪಿ ತೆಗೆಯುವುದಿಲ್ಲ. ಅವರು ಕಿವಿ ಕಳೆದುಕೊಂಡವರು. ಊರಿನ ಬಾವಿಗಳನ್ನೆಲ್ಲ ಹಿಡಿದಿಟ್ಟುಕೊಂಡ ಶ್ರೀಮಂತರು ಸಾಕಿದ ಗೂಂಡಾಗಳಿಗೆ ‘ಕೊಳಾಯಿ ಪಡೆ’ ಎಂದು ಹೆಸರು. ಅವರ ಕಣ್ಣುತಪ್ಪಿಸಿ ಒಂದು ಕೊಡ ನೀರು ಹೊತ್ತವರ ಕಿವಿಯನ್ನು ನಡುಬೀದಿಯಲ್ಲೇ ಕುಯ್ಯುತ್ತಾರೆ, ಇನ್ನೊಮ್ಮೆ ಸಿಕ್ಕಿಬಿದ್ದರೆ ಕೈ ಹೋಗುತ್ತದೆ. ತರಕಾರಿ ತರಲು ಹೋದಾಗ ಇದನ್ನು ಕಣ್ಣಾರೆ ಕಂಡಿದ್ದೇನೆ. ಕಂಡು, ತರಕಾರಿ ಕೊಂಡುಕೊಂಡೇ ಮನೆಗೆ ಬಂದಿದ್ದೇನೆ.

ಪಡೆಯ ಕೈಗೆ ಸಿಗದೆ ಉಳಿದದ್ದು ನಮ್ಮ ವಿಶ್ವವಿದ್ಯಾಲಯದ ‘ಕುದಿಮನೆ’ ಒಂದೇ. ನೀವೂ ನೋಡಿರುತ್ತೀರಿ, ಬೆಳಗಾಗುತ್ತಲೇ ಮಕ್ಕಳು ಥರ್ಮಾಸ್ ಹಿಡಿದು ಸಾಲುಗಟ್ಟಿ ಕುದಿನೀರು ತುಂಬಿಸಿಕೊಳ್ಳುವ ಜಾಗ. ತಣ್ಣೀರು ಕುಡಿಯುವುದು ಇಲ್ಲಿಯವರಿಗೆ ಇವತ್ತಿಗೂ ಆಗದು. ನನ್ನ ತರಗತಿಯ ನಾಯಕಿ ಥಾಂಗ್ ರುಯಿ ಕಡ್ಡಿಯಂಥ ಹುಡುಗಿ, ಬಾಯಿ ಮಾತ್ರ ಜೋರು. ದಿನವೂ ನನ್ನ ಥರ್ಮಾಸನ್ನೂ ತುಂಬಿ ತಂದು ನಮ್ಮ ಮನೆಗಳ ಗೇಟಿನ ಆಚೆ ಇಟ್ಟುಹೋಗುತ್ತಿದ್ದಳು. ಹೋದ ಚಳಿಗಾಲದಲ್ಲಿ ಅವಳು ಹಟ ಹಿಡಿದು ಕುದಿಮನೆಯ ಬಾಗಿಲನ್ನು ಊರಿನ ಬಡವರಿಗೂ ತೆರೆಸಿದಳು. ನನಗೆ ಜೀವ ಬಾಯಿಗೆ ಬಂತು. ಬೇಡ ಕಣೇ, ಕೊಂದುಹಾಕುತ್ತಾರೆ ಎಂದೆ. ‘ಲಾವ್‌ಶಿ, ಬಾಯಾರಿ ಬಂದ ಮುದುಕಿಗೆ ನಿಮ್ಮೂರಲ್ಲಿ ನೀರಿಲ್ಲ ಹೋಗು ಅಂತಾರಾ?’ ಎಂದಳು. ಲಾವ್‌ಶಿ ಎಂದರೆ ನಮ್ಮ ಮೇಡಂ ಇದ್ದಂತೆ.

ಈಗ ಗೋಡೆಯ ವಿಷಯ. ಹೊರಗುರುಗಳ ಮನೆಗಳ ಸುತ್ತ ಎರಡಾಳೆತ್ತರದ ಗೋಡೆಯಿದೆ, ಒಂದೇ ಗೇಟು. ಅದರ ಬೀಗ ನಮ್ಮ ಅಂಗೈಯನ್ನು ಬಿಟ್ಟು ಬೇರೆಯವರದ್ದಕ್ಕೆ ಬಿಚ್ಚುವುದಿಲ್ಲ. ಪಕ್ಕದ ಕಲ್ಲಿನ ಮೇಲೆ ‘ಹೊರಗುರು ಚಂದ್ರಮತಿಯವರ ನೆಮ್ಮದಿಯ ನಿದ್ದೆಗಾಗಿ’ ಎಂದು ಕೆತ್ತಿದೆ. ಹೌದು, ನಿಮ್ಮದೇ ಹೆಸರು. ಅದರ ಕಥೆಯನ್ನು ಅಮ್ಮ ಹೇಳುತ್ತಿದ್ದಳು. ನಿಮ್ಮ ಕಾಲದಲ್ಲಿ ಕೋಳಿ ಕೂಗುವ ಹೊತ್ತಿಗೇ ಮಕ್ಕಳು ಬಂದು ಬಾಗಿಲು ಬಡಿಯುತ್ತಿದ್ದರಂತೆ. ಒಬ್ಬಳ ಕೈಯಲ್ಲಿ ಕಿತ್ತಳೆ, ಇನ್ನೊಬ್ಬಳ ಕೈಯಲ್ಲಿ ಬಿಸಿನೀರು, ಇಂಗ್ಲಿಷ್ ಮಾತಾಡಿಸಿ ಎಂದು ದುಂಬಾಲು. ಒಂದು ಔತಣದಲ್ಲಿ ನೀವು ಡೀನರ ಪಕ್ಕ ಕೂತು, ‘ಈ ಮಕ್ಕಳ ಕಾಟದಲ್ಲಿ ಕಣ್ಣು ಮುಚ್ಚೋಕಾಗಲ್ಲ’ ಎಂದು ನಗುತ್ತ ಅಂದಿರಂತೆ. ನಮ್ಮ ಕಡೆಯಾದರೆ ಎಲ್ಲರೂ ನಕ್ಕು ಇನ್ನೊಂದು ಹೋಳಿಗೆ ಬಡಿಸುತ್ತಿದ್ದರು. ಇಲ್ಲಿ ಅತಿಥಿ ಬಾಯಿಬಿಟ್ಟು ಕೊರತೆ ಹೇಳಿದರೆ ಮನೆಯವರ ಮರ್ಯಾದೆ ಹೋದಂತೆ. ಮುಂದಿನ ಸೆಮಿಸ್ಟರಿನ ಹೊತ್ತಿಗೆ ಗೋಡೆ ಎದ್ದಿತ್ತು. ನೀವು ಸಂಕೋಚಕ್ಕೆ ಬಿದ್ದು ಬೇಡ ಎನ್ನಲಿಲ್ಲ.

ಮೊನ್ನೆ ನಸುಕಿನಲ್ಲಿ ಕೊಳಾಯಿ ಪಡೆ ಕುದಿಮನೆಗೆ ನುಗ್ಗಿತು. ಸಾಲಿನಲ್ಲಿದ್ದ ಮುದುಕಿಯರನ್ನು ಮೊದಲು ಕಡಿದರು. ಬಾಯ್ಲರಿನ ಕೊಳವೆ ಒಡೆದು ಕುದಿನೀರು ಚಿಮ್ಮಿ, ಜನರ ಮುಖದ ಚರ್ಮ ಸುಲಿದುಹೋಯಿತು. ಹೊರಗುರುಗಳ ಮೈಮುಟ್ಟಿದರೆ ಹೊರದೇಶದ ಸೈನ್ಯ ಬಂದೀತೆಂಬ ಹೆದರಿಕೆ ಪಡೆಗಿದೆ. ಅದಕ್ಕೇ ಮಕ್ಕಳು ನಮ್ಮ ಗೇಟಿನತ್ತ ಓಡಿಬಂದರು. ನಾನು ಮಲಗಿದ್ದೆ. ಗೋಡೆ ಬಲು ಗಟ್ಟಿಯಾಗಿದೆ ಅಜ್ಜಿ, ಗೇಟು ನನ್ನ ಮನೆಯಿಂದ ದೂರ, ಅಷ್ಟು ಜನರ ಚೀರಾಟ ಒಳಗೆ ಪಿಸುಮಾತಿನಷ್ಟೇ ಕೇಳಿಸುತ್ತದೆ. ಎದ್ದು ಓಡಿಹೋಗಿ ಅಂಗೈ ಒತ್ತಿದೆ. ಬೀಗ ಬಿಚ್ಚಿಕೊಂಡಿತು, ಗೇಟು ಅಲುಗಲಿಲ್ಲ. ಅದು ಹೊರಕ್ಕೆ ತೆರೆಯುವ ಗೇಟು, ಹೊರಗೆ ಜನ ಒಬ್ಬರ ಮೇಲೊಬ್ಬರು ಬಿದ್ದು ಅದನ್ನು ಒತ್ತುತ್ತಿದ್ದರು. ಮುಂದಿನ ಸಾಲಿನಲ್ಲಿ ಥಾಂಗ್ ರುಯಿ ಸರಳುಗಳಿಗೆ ಅಂಟಿಕೊಂಡಿದ್ದಳು. ‘ಹಿಂದೆ ಸರೀರಿ, ಬೀಗ ಬಿಚ್ಚಿದೆ, ಒಂದು ಹೆಜ್ಜೆ ಹಿಂದೆ ಸರೀರಿ!’ ಎಂದು ಗಂಟಲು ಹರಿಯುವಂತೆ ಕೂಗಿದಳು. ಹಿಂದೆ ಸರಿಯಲು ಯಾರಿಂದಾದೀತು? ಹಿಂದೆ ಮಚ್ಚುಗಳಿದ್ದವು. ನನ್ನ ಕಣ್ಣೆದುರೇ, ಗೇಟಿನ ಸರಳಿಗೆ ಒತ್ತಿ ಇಬ್ಬರು ಮಕ್ಕಳ ಪಕ್ಕೆಲುಬು ಮುರಿಯಿತು.

ಹಿಂದಿದ್ದವರು ಸತ್ತು ಬಿದ್ದ ಮೇಲೆ ಒತ್ತಡ ಸಡಿಲಾಯಿತು. ಆಗ ಗೇಟು ಮೈ ತೂರಿಸುವಷ್ಟು ತೆರೆಯಿತು. ಥಾಂಗ್ ರುಯಿಯ ರಟ್ಟೆ ಹಿಡಿದು ಎಳೆದೆ. ಅವಳು ಕೈ ಕೊಸರಿಕೊಂಡು, ಸಿಕ್ಕಿದವರನ್ನೆಲ್ಲ ನನ್ನ ಕಡೆ ದಬ್ಬಿ, ತಾನು ಗೇಟಿನ ಸಂದಿಗೆ ಬೆನ್ನು ಕೊಟ್ಟು ನಿಂತಳು. ಕೈಯಲ್ಲಿದ್ದದ್ದು ನನ್ನ ಥರ್ಮಾಸ್. ಅದರಲ್ಲಿದ್ದ ಕುದಿನೀರನ್ನು ಮುಂದೆ ಬಂದವನ ಮುಖಕ್ಕೆ ಎರಚಿದಳು. ಅವನು ಮುಖ ಹಿಡಿದುಕೊಂಡು ಹೊರಳಾಡಿದ. ಅವನ ಹಿಂದಿದ್ದವನ ಮಚ್ಚು ಅವಳ ಕುತ್ತಿಗೆಗೆ ಬಿತ್ತು. ರಕ್ತ ನನ್ನ ಬಾಯೊಳಗೂ ಬಂತು. ಬೆಚ್ಚಗಿತ್ತು.

ನಿನ್ನೆಯೆಲ್ಲ ಗೇಟು ತೊಳೆದೆ, ಸರಳಿನ ಸಂದಿಗಳಲ್ಲಿ ಕೂದಲು ಇನ್ನೂ ಇದೆ. ಸಂಜೆ ಕಚೇರಿಯವರು ತಲೆತಗ್ಗಿಸಿಕೊಂಡು ಬಂದು, ಗಲಾಟೆಯಿಂದ ನಿಮ್ಮ ನಿದ್ದೆ ಕೆಟ್ಟದ್ದಕ್ಕೆ ಕ್ಷಮೆ ಇರಲಿ, ಗೋಡೆಯನ್ನು ಇನ್ನಷ್ಟು ಎತ್ತರಿಸುತ್ತೇವೆ ಎಂದರು. ಮರ್ಯಾದೆಯಿಂದಲೇ ಹೇಳಿದರು. ನಾನು ನೆಗ್ಗಿಹೋದ ಆ ಥರ್ಮಾಸನ್ನು ಎತ್ತಿ ಅವರ ಮುಖಕ್ಕೆ ಅಪ್ಪಳಿಸಿದೆ. ಒಬ್ಬರ ಹಲ್ಲು ಮುರಿಯಿತು. ಪಶ್ಚಾತ್ತಾಪವೇನೂ ಇಲ್ಲ.

ಅಜ್ಜಿ, ಗೋಡೆ ಇಲ್ಲದಿದ್ದರೆ ಮಕ್ಕಳು ನಮ್ಮ ಮನೆಗಳೊಳಗೆ ಓಡಿಬಂದು ಬಚ್ಚಿಟ್ಟುಕೊಳ್ಳುತ್ತಿದ್ದರು. ಬೆನ್ನಟ್ಟಿದ ರಭಸದಲ್ಲಿ ಪಡೆಯವರು ನನ್ನನ್ನೂ ಕಡಿದುಹಾಕುತ್ತಿದ್ದರೇನೋ. ಕಡಿಯಲಿ. ಅದನ್ನೆಲ್ಲ ಯೋಚಿಸಿಯೇ ಕೇಳುತ್ತಿದ್ದೇನೆ. ನೀವು ಈಗಿರುವ ಕಾಲದಲ್ಲಿ ಆ ಔತಣ ಇನ್ನೂ ನಡೆದಿಲ್ಲ. ಡೀನರು ನಿಮ್ಮ ತಟ್ಟೆಗೆ ಮೀನು ಬಡಿಸಿ, ಏನಾದರೂ ತೊಂದರೆ ಇದೆಯೇ ಎಂದು ಕೇಳುತ್ತಾರೆ. ಇಲ್ಲ ಅನ್ನಿ. ನಿದ್ದೆ ಸೊಗಸಾಗಿ ಬರುತ್ತಿದೆ ಎಂದು ಸುಳ್ಳು ಹೇಳಿ. ಮಾರನೆಯ ದಿನ ನಸುಕಿನಲ್ಲಿ ಮಕ್ಕಳು ಮತ್ತೆ ಬಾಗಿಲು ಬಡಿಯುತ್ತಾರೆ. ಬೈದುಕೊಂಡಾದರೂ ಸರಿ, ಎದ್ದು ಚಿಲಕ ತೆಗೆಯಿರಿ. ಚಳಿಯಲ್ಲಿ ಥರ್ಮಾಸ್ ಹಿಡಿದು ನಿಂತ ಹುಡುಗಿಯನ್ನು ಒಳಗೆ ಕರೆಯಿರಿ.

ನಿಮ್ಮ
ಸುಗುಣಿ