ಸಂಕಟ ಎಂದರೆ ದುಃಖವಲ್ಲ

ಕೊಳ್ಳೇಗಾಲ
ವೈಶಾಖದ ನಲವತ್ತೊಂದನೆಯ ದಿನ, ಎರಡನೆಯ ಎಣಿಕೆಯ ನೂರಾ ಆರನೆಯ ವರ್ಷ

ರೋಗಿಗಳ ದನಿಗೆ ಅರ್ಥ ಬರೆಯುತ್ತ ಕೂತಿರುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಬೆಳೆದಂತೆ ನಮ್ಮವರು ವೈಶಾಖವನ್ನೂ ಬೆಳೆಸಿಕೊಂಡರು, ವರ್ಷಗಳನ್ನೂ ಮತ್ತೆ ಒಂದರಿಂದ ಎಣಿಸತೊಡಗಿದರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಯ ಕಾಲದವರು, ಆದ್ದರಿಂದ ಕೈ ಮುಗಿದುಕೊಂಡೇ ಜಗಳಕ್ಕೆ ನಿಂತಿದ್ದೇನೆ.

ನನ್ನ ಹೆಸರು ಚಿಕ್ಕತಾಯಮ್ಮ. ನನ್ನ ಅಕ್ಕ ದೊಡ್ಡತಾಯಮ್ಮ. ಇಬ್ಬರೂ ಒಂದೇ ಮನೆಯ ಮಗ್ಗಗಳಲ್ಲಿ ರೇಷ್ಮೆ ನೇಯ್ದವರು. ಬಿಸಿಲಿಗೆ ಹೆದರಿ ನಮ್ಮ ಊರೆಲ್ಲ ನಡುಹಗಲು ನೆಲಮನೆಯಲ್ಲಿ ಮಲಗುತ್ತದೆ. ನೆಲಮನೆ ಎಂದರೆ ಮನೆಯ ಕೆಳಗೆ ತೋಡಿದ ತಂಪು ಕೋಣೆ. ಸಂಜೆ ಮೇಲೆ ಬಂದು ಮಗ್ಗಕ್ಕೆ ಕೂರುತ್ತೇವೆ, ಮುದ್ದೆಗೆ ಸೊಪ್ಪಿನ ಸಾರು ಮಾಡುತ್ತೇವೆ, ಅತ್ತೆ ಸೊಸೆಯರ ಜಗಳವೂ ಸಾಂಗವಾಗಿ ನಡೆದಿದೆ. ಬೀದಿಯ ಕೊನೆಯಲ್ಲಿ, ನಲ್ಲಿಯ ಪಕ್ಕ, ಕಿವಿಗಂಬವೆಂಬ ಮಾತಾಡುವ ಯಂತ್ರವಿದೆ. ಹುಷಾರಿಲ್ಲದವರು ಅದರ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕು. ಅದು ಕೇಳಿಸಿಕೊಂಡು, ರೋಗ ಗುರುತಿಸಿ, ಎಲ್ಲಿಗೆ ಹೋಗಬೇಕೆಂದು ಒಪ್ಪಿಗೆ ಕೊಡುತ್ತದೆ. ಆ ಒಪ್ಪಿಗೆಯಿಲ್ಲದೆ ಯಾವ ಡಾಕ್ಟರೂ ನಾಡಿ ಮುಟ್ಟುವುದಿಲ್ಲ. ಕಂಬ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬರೀ ಸುಸ್ತು ಎಂದಿದ್ದ ನನ್ನ ಮಗನ ಕಿಡ್ನಿ ಕಾಯಿಲೆಯನ್ನು ಅವನಿಗೇ ಗೊತ್ತಾಗುವ ಮೊದಲು ಹಿಡಿದು ಉಳಿಸಿಕೊಟ್ಟಿದ್ದು ಅದೇ. ಅದಕ್ಕೇ ನಾವೆಲ್ಲ ಅದನ್ನು ನಂಬಿದ್ದೆವು.

ಹೋದ ಮಾಘದಲ್ಲಿ ಒಂದು ಸಂಜೆ ಅಕ್ಕ ನೇಯುತ್ತಿದ್ದವಳು ಲಾಳಿ ಕೈಬಿಟ್ಟು ಎದ್ದಳು. "ಯಾಕೋ ಸಂಕಟ ಆಯ್ತದ ಕನಮ್ಮಿ" ಎಂದಳು. ಮೈಯೆಲ್ಲ ಬೆವರುತ್ತಿತ್ತು. ಕಂಬದ ಬಳಿ ಕರೆದೊಯ್ದೆ. ಅಲ್ಲಿಯೂ ಅದನ್ನೇ ಹೇಳಿದಳು, ಎದೆಯ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು. ಕಂಬಕ್ಕೆ ಕಿವಿಯಿದೆ, ಕಣ್ಣಿಲ್ಲ. ಅದು ಬಹಳ ಮೃದುವಾಗಿ, "ದೊಡ್ಡತಾಯಮ್ಮನವರೇ, ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ" ಎಂದು ಸಮಾಧಾನದ ಮನೆಗೆ ಒಪ್ಪಿಗೆ ಕೊಟ್ಟಿತು. ಸಮಾಧಾನದ ಮನೆ ಎಂದರೆ ಅಳುವವರನ್ನು ಕೂರಿಸಿ ಹಾಡು ಕೇಳಿಸುವ ಜಾಗ. ಅಕ್ಕನಿಗೆ ಆ ಸ್ಥಿತಿಯಲ್ಲೂ ನಗು ಬಂತು. "ನಂಗ್ಯಾವ ದುಕ್ಕ ಅಮ್ಮಿ? ಗಂಡ ಹೋದ್ ಮ್ಯಾಲ ನೆಮ್ಮದ್ಯಾಗಿ ಇವ್ನಿ" ಎಂದಳು. ಮೊದಲನೆಯ ಹಾಡು ಮುಗಿಯುವುದರೊಳಗೆ ಅಲ್ಲೇ ಚಾಪೆಯ ಮೇಲೆ ಹೋಗಿಬಿಟ್ಟಳು. ಹೃದಯ ನಿಂತಿತ್ತು.

ತಿಥಿ ಮುಗಿದ ಮರುದಿನ ಕಂಬದ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ಸಂಕಟ ಎಂದರೆ ದುಃಖ ಎಂದು ನಿನಗೆ ಹೇಳಿಕೊಟ್ಟವರು ಯಾರು? ಅದು ಏನನ್ನೂ ಮುಚ್ಚಿಡಲಿಲ್ಲ. ಇದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ. ತಾನು ಮೊಟ್ಟಮೊದಲು ಪಾಠ ಕಲಿತ ದನಿಗಳನ್ನು ಕೇಳಿಸಿತು. ಅವು ನಿಮ್ಮ ಕಾಲದವು. ಸಂಶೋಧನೆಗೆಂದು ನೀವು ನಮ್ಮ ಸೀಮೆಗೆ ಬಂದು, ಜಗುಲಿಯ ಮೇಲೆ ಕೂತು, ನಿಮ್ಮ ಮೊಮ್ಮಕ್ಕಳಿಗೆ ಒಳ್ಳೆಯದಾಗುತ್ತದೆ, ಕಾಯಿಲೆ ಹೇಳಿಕೊಳ್ಳಿ ಎಂದು ಕೇಳಿದ್ದಿರಿ. ಒಬ್ಬ ಮುದುಕಿ ಹೇಳುತ್ತಾಳೆ: "ಎದ ತಾವ ಸಂಕಟ ಆಯ್ತದ ಕನಪ್ಪ, ಒಲ ಮುಂದ ಕೂರಕ್ಕೇ ಆಗಲ್ಲ." ನಿಮ್ಮಲ್ಲೊಬ್ಬರು, "ಆಯ್ತಜ್ಜಿ, ಸಾಕು" ಎನ್ನುತ್ತಾರೆ. ಆ ಮಾತಿಗೆ ನೀವು ಕೊಟ್ಟ ಅರ್ಥ ದುಃಖ.

ಪಠ್ಯಪುಸ್ತಕದಲ್ಲಿ ಸಂಕಟಕ್ಕೆ ಆ ಅರ್ಥ ಇರಬಹುದು, ಇಲ್ಲವೆನ್ನುವುದಿಲ್ಲ. ನಮ್ಮ ಹೆಂಗಸರ ಬಾಯಲ್ಲಿ ಅದು ಮೈಯ ಮಾತು. ಹೊಟ್ಟೆ ತೊಳಸಿದರೂ ಸಂಕಟ, ಎದೆ ಹಿಂಡಿದರೂ ಸಂಕಟ. ನೀವೂ ಕನ್ನಡದವರೇ ತಾನೆ? ನಿಮ್ಮ ತಾಯಿ ಒಂದು ದಿನವಾದರೂ ಹೀಗೆ ಅಂದಿರಲಿಲ್ಲವೇ? ಭಾಷೆ ಬಾರದವರು ಮಾಡಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಆಮೇಲೆ ಒಂದು ಯಂತ್ರ ಇನ್ನೊಂದಕ್ಕೆ ಕಲಿಸಿತು, ಅದು ಮತ್ತೊಂದಕ್ಕೆ. ಸಂಕಟ ಎಂದವರೆಲ್ಲ ದುಃಖಿಗಳ ಸಾಲಿಗೆ ಸೇರಿದರು. ಈ ಸೀಮೆಯ ಹೆಂಗಸರಲ್ಲಿ ಹೃದ್ರೋಗ ಕಡಿಮೆ, ದುಃಖ ಹೆಚ್ಚು ಎಂದು ಸಂಶೋಧನೆ ಹೊರಬಿತ್ತು. ಹಾಗೆ ಬರೆದವರಿಗೆ ಶಾಲು ಹೊದಿಸಿದರಂತೆ. ರೋಗವೇ ಇಲ್ಲದ ಕಡೆ ಹೃದಯದ ಡಾಕ್ಟರು ಯಾಕೆಂದು ಅವರನ್ನೂ ಇಲ್ಲಿಂದ ಎತ್ತಿಹಾಕಿದರು. ಅಯ್ಯೋ, ನಮ್ಮ ಅಜ್ಜಿಯರು ನಿಮ್ಮನ್ನು ನಂಬಿ ಬಾಯಿಬಿಟ್ಟರಲ್ಲ! ನೀವು ಅವರಿಗೂ ಕೈಕೊಟ್ಟಿರಿ, ನಮಗೂ ಕೈಕೊಟ್ಟಿರಿ.

ನಾನು ಕಂಬಕ್ಕೆ ತಿದ್ದಿ ಹೇಳಿ ನೋಡಿದೆ. ಒಬ್ಬಳ ಮಾತು ಅಷ್ಟೊಂದು ಜನರ ದನಿಯ ಎದುರು ನಿಲ್ಲುವುದಿಲ್ಲವಂತೆ. ಬುಡದಲ್ಲಿ ಕೂತು ಬರೆದವರೇ ತಿದ್ದಬೇಕು, ಅಂದರೆ ನೀವೇ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಕಾಲದಲ್ಲಿ ಆ ಮುದುಕಿ ಇನ್ನೂ ಜಗುಲಿಯಲ್ಲೇ ಇದ್ದಾಳೆ, ನಿಮಗೆ ಮಜ್ಜಿಗೆ ತರಲು ಎದ್ದಿರಬಹುದು. ಸಾಕು ಎನ್ನಬೇಡಿ. ಎಲ್ಲವ್ವಾ ಸಂಕಟ ಎಂದು ಕೇಳಿ, ಅವಳು ಹೇಳಿದ್ದನ್ನು ಪೂರ್ತಿ ಬರೆದುಕೊಳ್ಳಿ.

ಸದ್ಯಕ್ಕೆ ನಾವು ಆ ಮಾತನ್ನೇ ಬಿಟ್ಟಿದ್ದೇವೆ. ಒಳಗೆ ಏನೇ ಆಗುತ್ತಿರಲಿ, ಎದೆ ನೋಯುತ್ತಿದೆ, ಎಡಗೈ ಸೆಳೆಯುತ್ತಿದೆ ಎಂದು ಕಂಬಕ್ಕೆ ತಿಳಿಯುವ ಮಾತನ್ನು ಒಪ್ಪಿಸುತ್ತೇವೆ. ಬೀದಿಯ ಹೆಣ್ಣುಮಕ್ಕಳಿಗೆ ನಾನೇ ಬಾಯಿಪಾಠ ಮಾಡಿಸುತ್ತೇನೆ. ನಿನ್ನೆ ಮೊಮ್ಮಗಳು ಪುಟ್ಟಮಾದಿ ಹೊಟ್ಟೆ ಹಿಡಿದುಕೊಂಡು ಬಂದಳು. ಏನಾಯ್ತು ಮಗಾ ಎಂದು ಮಡಿಲಿಗೆ ಎಳೆದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತ, ದನಿ ತಗ್ಗಿಸಿ ಕೇಳಿದಳು: "ಅಜ್ಜಿ, ನಿಂಗ ದಿಟ ಹೇಳ್ಲಾ, ಇಲ್ಲಾ ಕಂಬುಕ್ಕ ಹೇಳದ್ನೇ ಹೇಳ್ಲಾ?"